ಫ್ರಿಡ್ಜ್ ಬಾಗಿಲಲ್ಲಿ ನೀರು ಬರ್ತಿಲ್ವಾ? ನಲ್ಲಿಯಿಂದ ಹುಡುಕುತ್ತಾ ಬನ್ನಿ

ಲೋಟ ಒತ್ತಿ ಹಿಡಿದರೂ ಫ್ರಿಡ್ಜ್ ಬಾಗಿಲಿಂದ ನೀರು ಬರುತ್ತಿಲ್ಲ. ಬಂದರೂ ತೊಟ್ಟಿಕ್ಕುತ್ತಿದೆ. ಸರ್ವಿಸ್‌ನವರಿಗೆ ಫೋನ್ ಮಾಡುವ ಮುಂಚೆ ಒಂದು ಗಂಟೆ ಇದಕ್ಕೆ ಕೊಡಿ, ಯಾಕೆಂದರೆ ನಮ್ಮ ಮನೆಗಳಲ್ಲಿ ಎಷ್ಟೋ ಸಲ ಫ್ರಿಡ್ಜ್ ಚೆನ್ನಾಗಿಯೇ ಇರುತ್ತದೆ, ತೊಂದರೆ ಇರುವುದು ಅದಕ್ಕೆ ಬರುವ ನೀರಿನಲ್ಲಿ. ಈ ಫ್ರಿಡ್ಜ್‌ಗಳ ಕೈಪಿಡಿ ಓದಿದರೆ ಗೊತ್ತಾಗುತ್ತದೆ, ಅಡುಗೆಮನೆ ಪೈಪಿನಲ್ಲಿ ದಿನವಿಡೀ ಒಳ್ಳೆ ಪ್ರೆಷರ್ ಇರುತ್ತದೆ ಅಂತ ಅಂದುಕೊಂಡೇ ಅದನ್ನು ಬರೆದಿರುತ್ತಾರೆ. ಸಂಪ್, ಓವರ್‌ಹೆಡ್ ಟ್ಯಾಂಕ್, ಆರ್‌ಓ ದಾಟಿ ನೀರು ಬರುವ ಬೆಂಗಳೂರಿನ ಫ್ಲ್ಯಾಟಿನಲ್ಲಿ ಆ ಲೆಕ್ಕ ಸರಿಹೋಗುವುದಿಲ್ಲ. ಹಾಗಾಗಿ ನೀರು ಬಿಡುವ ವಾಲ್ವ್ ಹೋಗಿದೆ, ಎಲೆಕ್ಟ್ರಾನಿಕ್ ಬೋರ್ಡ್ ಹೋಗಿದೆ ಅಂತ ಯಾರಾದರೂ ಹೇಳಿದ ಕೂಡಲೇ ದುಡ್ಡು ಕೊಟ್ಟು ಪಾರ್ಟ್ ಹಾಕಿಸಬೇಡಿ. ನೀರು ಎಲ್ಲಿವರೆಗೆ ಬಂದು ಎಲ್ಲಿ ನಿಂತಿದೆ ಅಂತ ಮೊದಲು ನೋಡಿ.

ನಿಮ್ಮದು ಯಾವ ತರಹದ್ದು ಅನ್ನುವುದು ಮೊದಲು ಗೊತ್ತಿರಬೇಕು. ಫ್ರಿಡ್ಜ್ ಹಿಂದೆ ಪೆನ್ಸಿಲ್ ದಪ್ಪದ ಬಿಳಿ ಟ್ಯೂಬ್, ಅಂದರೆ ಕಾಲು ಇಂಚಿನದು, ಬಂದು ಸೇರಿದ್ದರೆ ಅದು ಪೈಪ್ ಸಂಪರ್ಕ ಇರುವ ಮಾಡೆಲ್. ಟ್ಯೂಬ್ ಇಲ್ಲದೆ ಒಳಗಿನ ಡಬ್ಬಕ್ಕೆ ನೀವೇ ನೀರು ತುಂಬುತ್ತೀರಾದರೆ ಅದು ಟ್ಯಾಂಕ್ ಮಾಡೆಲ್. ಎರಡಕ್ಕೂ ರೋಗ ಬೇರೆ ಬೇರೆ. ಟ್ಯಾಂಕ್ ಮಾಡೆಲ್ ಸುಲಭ, ಅದನ್ನು ಕೊನೆಗೆ ಹೇಳುತ್ತೇನೆ.

ಎರಡಕ್ಕೂ ಅನ್ವಯಿಸುವ ಸಣ್ಣ ವಿಷಯಗಳನ್ನು ಮೊದಲು ಮುಗಿಸಿಬಿಡೋಣ. ಬಾಗಿಲಿನ ಪ್ಯಾನೆಲ್ ಮೇಲೆ ಬೀಗದ ಚಿತ್ರ ಹೊತ್ತಿಕೊಂಡಿದೆಯಾ ನೋಡಿ. ಅದು ಚೈಲ್ಡ್ ಲಾಕ್. ಲಾಕ್ ಬಟನ್ ಮೂರು ಸೆಕೆಂಡ್ ಒತ್ತಿ ಹಿಡಿದರೆ ಸಾಮಾನ್ಯವಾಗಿ ತೆರೆದುಕೊಳ್ಳುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ, ಅಥವಾ ಪ್ಯಾನೆಲ್ ಒರೆಸುವಾಗ ಕೈ ತಗುಲಿದರೆ, ಇದು ತಾನಾಗಿ ಆನ್ ಆಗುವುದು ಮಾಮೂಲು. ಆಮೇಲೆ ಬಾಗಿಲು. ಬಾಗಿಲು ತೆರೆದಿದೆ ಅಂತ ಅನಿಸಿದರೆ ಹೆಚ್ಚಿನ ಮಾಡೆಲ್‌ಗಳು ನೀರು ಬಿಡುವುದೇ ಇಲ್ಲ. ಒಂದು ಪಾತ್ರೆಯ ಹಿಡಿ ಅಡ್ಡ ಬಂದು ಬಾಗಿಲು ಕೂದಲೆಳೆಯಷ್ಟು ತೆರೆದಿದ್ದರೂ ಸಾಕು. ಬಾಗಿಲು ಮುಚ್ಚಿದಾಗ ಒತ್ತಿಕೊಳ್ಳುವ ಸ್ವಿಚ್ ಇದ್ದರೆ ಅದನ್ನು ಬೆರಳಿಂದ ಒತ್ತಿ ನೋಡಿ, ಒಳಗಿನ ದೀಪ ಆರಬೇಕು. ಕರೆಂಟ್ ಹೋಗಿ ಬಂದ ಮೇಲೆ ಶುರುವಾದ ತೊಂದರೆಯಾದರೆ ಪ್ಲಗ್ ತೆಗೆದು ಐದು ನಿಮಿಷ ಬಿಟ್ಟು ಹಾಕಿ.

ಇಷ್ಟಕ್ಕೂ ಬರಲಿಲ್ಲ ಅಂದರೆ ಮುಂದೆ ಓದಿ.

ಕಿವಿಗೊಟ್ಟು ಕೇಳಿ

ಮನೆಯಲ್ಲಿ ಇನ್ನೊಬ್ಬರಿಗೆ ಲೋಟ ಒತ್ತಿ ಹಿಡಿಯಲು ಹೇಳಿ, ನೀವು ಫ್ರಿಡ್ಜ್ ಹಿಂದೆ ಕೆಳಗೆ ಕಿವಿ ಇಡಿ. ಅಲ್ಲಿ ನೀರಿನ ವಾಲ್ವ್ ಇರುತ್ತದೆ. ಅದೊಂದು ಸೋಲೆನಾಯ್ಡ್ ವಾಲ್ವ್, ಕರೆಂಟ್ ಸಿಕ್ಕಾಗ ತೆರೆದು, ಕರೆಂಟ್ ನಿಂತಾಗ ಮುಚ್ಚಿಕೊಳ್ಳುತ್ತದೆ. ಟಕ್ ಅಂತಲೋ ಗುಂಯ್ ಅಂತಲೋ ಸದ್ದು ಬಂದರೆ ವಾಲ್ವ್‌ಗೆ ಕರೆಂಟ್ ಬರುತ್ತಿದೆ ಅಂತ ಅರ್ಥ. ಆಗ ತೊಂದರೆ ನೀರಿನ ದಾರಿಯಲ್ಲಿದೆ, ಪ್ರೆಷರ್ ಇಲ್ಲ, ಇಲ್ಲವೇ ಎಲ್ಲೋ ಕಟ್ಟಿಕೊಂಡಿದೆ, ಇಲ್ಲವೇ ಹೆಪ್ಪುಗಟ್ಟಿದೆ. ಸದ್ದೇ ಇಲ್ಲ ಅಂದರೆ ಲಾಕ್, ಬಾಗಿಲ ಸ್ವಿಚ್, ಲೋಟ ತಾಗುವ ಒತ್ತುಗುಂಡಿಯ ಸ್ವಿಚ್, ವಾಲ್ವಿನ ಕಾಯಿಲ್ (ಅದನ್ನು ತೆರೆಯುವ ತಂತಿ ಸುರುಳಿ) ಅಥವಾ ಬೋರ್ಡ್ ನೋಡಬೇಕು. ಈ ಒಂದು ಪರೀಕ್ಷೆ ಅರ್ಧ ಕೆಲಸ ಮುಗಿಸುತ್ತದೆ. ದುಡ್ಡೂ ಖರ್ಚಿಲ್ಲ.

ನಿಮ್ಮ ಫ್ರಿಡ್ಜಿನಲ್ಲಿ ತಾನಾಗಿ ಐಸ್ ಮಾಡುವ ವ್ಯವಸ್ಥೆ ಇದ್ದರೆ ಇನ್ನೊಂದು ಸುಳಿವು ಸಿಗುತ್ತದೆ. ಐಸ್ ಮತ್ತು ಕುಡಿಯುವ ನೀರು ಎರಡೂ ಒಂದೇ ಟ್ಯೂಬಿನಿಂದ, ಹೆಚ್ಚಾಗಿ ಒಂದೇ ಫಿಲ್ಟರ್ ದಾಟಿ ಬಂದು ಆಮೇಲೆ ಬೇರೆಯಾಗುತ್ತವೆ. ಐಸ್ ಎಂದಿನಂತೆ ಬೀಳುತ್ತಿದೆ, ನೀರು ಮಾತ್ರ ಇಲ್ಲ ಅಂದರೆ ನಲ್ಲಿ, ಪ್ರೆಷರ್, ಫಿಲ್ಟರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಬಾಗಿಲ ಕಡೆಗಿನ ಟ್ಯೂಬ್, ಸ್ವಿಚ್ ನೋಡಿ. ಆದರೆ ಒಂದು ಎಚ್ಚರಿಕೆ. ಡಬ್ಬದಲ್ಲಿರುವ ಐಸ್ ಹಳೆಯದಿರಬಹುದು. ಡಬ್ಬ ಖಾಲಿ ಮಾಡಿ, ರಾತ್ರಿ ಬಿಟ್ಟು, ಬೆಳಿಗ್ಗೆ ಹೊಸ ಐಸ್ ಬಿದ್ದಿದೆಯಾ ಅಂತ ನೋಡಿ ತೀರ್ಮಾನಕ್ಕೆ ಬನ್ನಿ. ಐಸ್ ಕ್ಯೂಬ್ ಮುಂಚಿಗಿಂತ ಸಣ್ಣದಾಗಿ, ಟೊಳ್ಳಾಗಿ ಬರುತ್ತಿದ್ದರೆ ನೀರು ಕಮ್ಮಿ ಬರುತ್ತಿದೆ ಅಂತಲೇ ಲೆಕ್ಕ.

ಫಿಲ್ಟರ್

ನೀರು ದಿನೇ ದಿನೇ ಸಣ್ಣಗಾಗುತ್ತಾ ಬಂದು ನಿಂತಿದೆಯಾ? ಹಾಗಾದರೆ ಮೊದಲ ಅನುಮಾನ ಫಿಲ್ಟರ್ ಮೇಲೆ. ಆರು ತಿಂಗಳಿಗೊಮ್ಮೆ ಬದಲಾಯಿಸಿ ಅಂತ ಹೆಚ್ಚಿನ ಕಂಪನಿಗಳು ಹೇಳುತ್ತವೆ, ಅದು ಸಾಧಾರಣ ನಲ್ಲಿ ನೀರಿಗೆ. ಟ್ಯಾಂಕರ್ ನೀರು ಬರುವ ಮನೆಯಲ್ಲಿ ಅಷ್ಟು ದಿನ ಬಾಳುವುದು ಕಷ್ಟ. 2024ರ ಬೇಸಿಗೆಯಲ್ಲಿ ಬೋರ್‌ಗಳು ಬತ್ತಿ ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟ್‌ಗಳು ಟ್ಯಾಂಕರ್ ಮೇಲೇ ನಿಂತಿದ್ದವು ನೆನಪಿದೆಯಲ್ವಾ, ಅಂಥ ಸಮಯದಲ್ಲಿ ಸಂಪ್‌ಗೆ ಬೀಳುವ ಸಣ್ಣ ಮಣ್ಣು ಕೊನೆಗೆ ಬಂದು ಸೇರುವುದು ಈ ಫಿಲ್ಟರಿಗೇ.

ಫಿಲ್ಟರ್ ಎರಡು ಕಡೆ ಇರಬಹುದು. ಕೆಲವದರಲ್ಲಿ ಫ್ರಿಡ್ಜ್ ಒಳಗೆ ತಿರುಗಿಸಿ ಕೂರಿಸುವ ಕಾರ್ಟ್ರಿಡ್ಜ್. ಇನ್ನು ಕೆಲವದರಲ್ಲಿ ಹೊರಗೆ, ಫ್ರಿಡ್ಜ್ ಹಿಂದೆ ಟ್ಯೂಬಿನ ಮಧ್ಯೆ ಸಿಕ್ಕಿಸಿದ ಬಿಳಿ ಸಿಲಿಂಡರ್. ಒಳಗಿನದನ್ನು ಪೂರ್ತಿ ತಿರುಗಿಸಿ ಕೂರಿಸದಿದ್ದರೆ ನೀರು ಹಾಯುವುದೇ ಇಲ್ಲ, ಆದ್ದರಿಂದ ಹೊಸ ಫಿಲ್ಟರ್ ಹಾಕಿದ ದಿನವೇ ನೀರು ನಿಂತಿದ್ದರೆ ಒಮ್ಮೆ ಬಿಚ್ಚಿ, ಗುರುತಿಗೆ ಗುರುತು ಸೇರುವ ತನಕ ತಿರುಗಿಸಿ. ಹೊರಗಿನದಕ್ಕೆ ಮೈಮೇಲೆ ಬಾಣದ ಗುರುತು ಇರುತ್ತದೆ, ಬಾಣ ಫ್ರಿಡ್ಜ್ ಕಡೆಗಿರಬೇಕು. ಉಲ್ಟಾ ಹಾಕಿರುವುದನ್ನು ನಾನು ನೋಡಿದ್ದೇನೆ.

ಫಿಲ್ಟರೇ ಕಾರಣವೋ ಅಲ್ಲವೋ ತಿಳಿಯಲು ಹೊಸದು ಕೊಳ್ಳಬೇಕಿಲ್ಲ. ಒಳಗಿನ ಕಾರ್ಟ್ರಿಡ್ಜ್ ತೆಗೆದು ನೀರು ಬಿಟ್ಟು ನೋಡಿ. ಕೆಲವು ಮಾಡೆಲ್‌ಗಳಲ್ಲಿ ಫಿಲ್ಟರ್ ಇಲ್ಲದೆಯೂ ನೀರು ಹರಿಯುತ್ತದೆ, ಕೆಲವಕ್ಕೆ ಅದರ ಜಾಗದಲ್ಲಿ ನೀರನ್ನು ಸೋಸದೆ ಹಾಗೇ ಹಾಯಿಸುವ ಬೈಪಾಸ್ ಪ್ಲಗ್ ಹಾಕಬೇಕು. ಫಿಲ್ಟರ್ ತೆಗೆದಾಗ ಜೋರಾಗಿ ಬಂದು, ಹಾಕಿದಾಗ ಸಣ್ಣಗಾದರೆ ಉತ್ತರ ಸಿಕ್ಕಿತು. ಅಳೆದು ನೋಡುವುದಾದರೆ, 10 ಸೆಕೆಂಡಿನಲ್ಲಿ ಸುಮಾರು 150ರಿಂದ 180 ಮಿ.ಲೀ. ಬಂದರೆ ಸರಿಯಾಗಿದೆ ಅನ್ನಬಹುದು. ಮುಕ್ಕಾಲು ಕಪ್ ಅಂತ ಇಟ್ಟುಕೊಳ್ಳಿ.

ಇಲ್ಲೇ ಇನ್ನೊಂದು ಮಾತು ಹೇಳಿಬಿಡುತ್ತೇನೆ. ಫ್ರಿಡ್ಜಿನ ಫಿಲ್ಟರ್ ಮುಖ್ಯವಾಗಿ ಕಾರ್ಬನ್ ಫಿಲ್ಟರ್. ಕ್ಲೋರಿನ್ ವಾಸನೆ, ರುಚಿ ಸರಿ ಮಾಡುತ್ತದೆ. ಗಡಸುತನ ಇಳಿಸುವುದಿಲ್ಲ, ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಪ್ರಮಾಣ) ಇಳಿಸುವುದಿಲ್ಲ. ಬೋರ್ ನೀರನ್ನು ನೇರ ಫ್ರಿಡ್ಜಿಗೆ ಕೊಟ್ಟು, ಒಳಗೆ ಫಿಲ್ಟರ್ ಇದೆಯಲ್ಲ ಅಂತ ಕುಡಿಯಬೇಡಿ, ದಯವಿಟ್ಟು.

ಪ್ರೆಷರ್: ನಮ್ಮಲ್ಲಿ ಅಸಲಿ ಕಾರಣ ಇದೇ

ಫ್ರಿಡ್ಜಿನ ವಾಲ್ವ್ ಸರಿಯಾಗಿ ಕೆಲಸ ಮಾಡಲು ಸಾಮಾನ್ಯವಾಗಿ ಕನಿಷ್ಠ 20 ಪಿಎಸ್‌ಐ ಪ್ರೆಷರ್ ಬೇಕು, ಕೆಲವು ಕಂಪನಿಗಳು 30 ಅನ್ನುತ್ತವೆ. ಪಿಎಸ್‌ಐ, ಬಾರ್ ಎರಡೂ ಪ್ರೆಷರ್ ಅಳೆಯುವ ಮಾನಗಳು. ಈಗ ಲೆಕ್ಕ ಹಾಕಿ. ನೀರು 10 ಮೀಟರ್ ಎತ್ತರದಲ್ಲಿದ್ದರೆ ಕೆಳಗೆ ಸಿಗುವ ಪ್ರೆಷರ್ ಸುಮಾರು 1 ಬಾರ್, ಅಂದರೆ 14 ಪಿಎಸ್‌ಐ. 20 ಬೇಕೆಂದರೆ ಟ್ಯಾಂಕ್ ನಿಮ್ಮ ಫ್ರಿಡ್ಜಿಗಿಂತ 14 ಮೀಟರ್ ಮೇಲಿರಬೇಕು. ಅದು ನಾಲ್ಕು ಮಹಡಿಯಷ್ಟು ಎತ್ತರ! ನೀವು ಮೇಲಿನ ಮಹಡಿಯಲ್ಲಿದ್ದು ಟ್ಯಾಂಕ್ ತಲೆಯ ಮೇಲೆ ಮೂರು ನಾಲ್ಕು ಮೀಟರ್ ಎತ್ತರದಲ್ಲಿದ್ದರೆ ಸಿಗುವುದು ನಾಲ್ಕೈದು ಪಿಎಸ್‌ಐ ಅಷ್ಟೇ. ಅಡುಗೆಮನೆ ನಲ್ಲಿಯಲ್ಲಿ ನೀರು ಧಾರಾಳವಾಗಿ ಬರುತ್ತದಲ್ಲ ಅಂತೀರಿ. ಬರುತ್ತದೆ, ಯಾಕೆಂದರೆ ಅಲ್ಲಿ ಪೈಪ್ ದಪ್ಪ, ದಾರಿ ಸಲೀಸು. ಕಾಲು ಇಂಚಿನ ಟ್ಯೂಬ್, ಫಿಲ್ಟರ್, ವಾಲ್ವ್, ಬಾಗಿಲವರೆಗಿನ ಸಣ್ಣ ನಳಿಕೆ ಇಷ್ಟನ್ನೂ ದಾಟಿ ಬರಲು ಆ ಪ್ರೆಷರ್ ಸಾಲದು. ಒಂದೇ ಬಿಲ್ಡಿಂಗಿನಲ್ಲಿ ಕೆಳಗಿನ ಮನೆಯವರ ಫ್ರಿಡ್ಜಿನಲ್ಲಿ ನೀರು ಬಂದು, ಅದೇ ಮಾಡೆಲ್ ಮೇಲಿನ ಮನೆಯಲ್ಲಿ ಸತಾಯಿಸುವುದು ಇದಕ್ಕೇ.

ಆರ್‌ಓ ಇದ್ದರೆ ಕಥೆ ಇನ್ನೂ ಬಿಗಿಯಾಗುತ್ತದೆ. ಗೋಡೆಗೆ ಹಾಕುವ ಮಾಮೂಲಿ ಆರ್‌ಓ ಯಂತ್ರದಲ್ಲಿ ಪಂಪ್ ಇರುತ್ತದೆ ನಿಜ, ಆದರೆ ಅದು ನೀರನ್ನು ಮೆಂಬ್ರೇನ್, ಅಂದರೆ ಸೋಸುವ ತೆಳು ಪೊರೆ, ಮೂಲಕ ತಳ್ಳಲು ಮಾತ್ರ. ಶುದ್ಧವಾದ ನೀರು ಅದರ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಸುಮ್ನೆ ನಿಂತಿರುತ್ತದೆ. ಆ ತೊಟ್ಟಿಯಿಂದ ಫ್ರಿಡ್ಜಿಗೆ ಟ್ಯೂಬ್ ಎಳೆದರೆ ಪ್ರೆಷರ್ ಹೆಚ್ಚುಕಡಿಮೆ ಸೊನ್ನೆ. ಸಿಂಕ್ ಕೆಳಗೆ ಇಡುವ, ಗಾಳಿ ತುಂಬಿದ ಉಕ್ಕಿನ ಟ್ಯಾಂಕ್ ಇರುವ ಆರ್‌ಓ ಆದರೆ ಪರವಾಗಿಲ್ಲ, ಸ್ವಲ್ಪ ಪ್ರೆಷರ್ ಸಿಗುತ್ತದೆ. ಅದರಲ್ಲೂ ಟ್ಯಾಂಕ್ ಖಾಲಿಯಾಗುತ್ತಾ ಬಂದಂತೆ ಪ್ರೆಷರ್ ಇಳಿಯುತ್ತದೆ. ಬೆಳಿಗ್ಗೆ ಚೆನ್ನಾಗಿ ಬಂದು ಅಡುಗೆಗೆ ನೀರು ಹಿಡಿದ ಮೇಲೆ ನಿಲ್ಲುತ್ತದೆ ಅಂದರೆ ಇದೇ ಕಾರಣ.

ಪರೀಕ್ಷೆ ಹೀಗೆ ಮಾಡಿ. ಪ್ಲಗ್ ತೆಗೆಯಿರಿ. ಟ್ಯೂಬಿಗೆ ನೀರು ಕೊಡುವ ಸಣ್ಣ ವಾಲ್ವ್ ಮುಚ್ಚಿ. ಅದು ಹೆಚ್ಚಾಗಿ ಸಿಂಕ್ ಕೆಳಗೋ ಆರ್‌ಓ ಪಕ್ಕದಲ್ಲೋ ಇರುತ್ತದೆ, ಪ್ಲಂಬರ್ ಬೇರೆ ಕೆಲಸಕ್ಕೆ ಬಂದಾಗ ಅದನ್ನು ಮುಚ್ಚಿ ಹೋಗಿದ್ದಾನಾ ಅಂತಲೂ ಅಲ್ಲೇ ನೋಡಿಕೊಳ್ಳಿ. ಫ್ರಿಡ್ಜನ್ನು ನಿಧಾನಕ್ಕೆ ಮುಂದೆ ಎಳೆಯಿರಿ. ಟ್ಯೂಬ್ ಎಲ್ಲಾದರೂ ಮಡಚಿ ಅಥವಾ ಗೋಡೆಗೆ ಒತ್ತಿಕೊಂಡು ಅಪ್ಪಚ್ಚಿಯಾಗಿದೆಯಾ? ಮನೆ ಗುಡಿಸಿ ಒರೆಸಿ ಫ್ರಿಡ್ಜನ್ನು ಹಿಂದಕ್ಕೆ ತಳ್ಳಿದ ಮೇಲೆ ನೀರು ನಿಂತಿದ್ದರೆ ಇದನ್ನೇ ನೋಡಿ. ಆಮೇಲೆ ಟ್ಯೂಬನ್ನು ಫ್ರಿಡ್ಜಿನಿಂದ ಬಿಚ್ಚಿ. ಒತ್ತಿ ಕೂರಿಸುವ ಕನೆಕ್ಟರ್ ಆದರೆ ಅದರ ಬಾಯಿಯ ಉಂಗುರವನ್ನು ಒಳಕ್ಕೆ ಒತ್ತಿ ಹಿಡಿದು ಟ್ಯೂಬ್ ಎಳೆದರೆ ಬಂದುಬಿಡುತ್ತದೆ. ಟ್ಯೂಬ್ ತುದಿಯನ್ನು ಬಕೆಟ್ಟಿಗೆ ಹಿಡಿದು ವಾಲ್ವ್ ತೆರೆಯಿರಿ. ಜೋರಾಗಿ ಚಿಮ್ಮಿದರೆ ನೀರು ಫ್ರಿಡ್ಜ್ ಬಾಗಿಲವರೆಗೆ ಬರಲು ಸಾಕಷ್ಟಿದೆ. ಸುರಿದರೆ ಅಥವಾ ಜಿನುಗಿದರೆ ತೊಂದರೆ ಫ್ರಿಡ್ಜಿನದ್ದಲ್ಲ. ಖಚಿತವಾಗಿ ಬೇಕಾದರೆ ಕಾಲು ಇಂಚಿನ ಟ್ಯೂಬಿಗೆ ಸಿಕ್ಕಿಸುವ ಪ್ರೆಷರ್ ಗೇಜ್ ಆರ್‌ಓ ಬಿಡಿಭಾಗ ಮಾರುವ ಅಂಗಡಿಯಲ್ಲಿ ಸಿಗುತ್ತದೆ, ಇಲ್ಲವೇ ಆರ್‌ಓ ರಿಪೇರಿಯವರ ಬಳಿಯೇ ಇರುತ್ತದೆ.

ಪ್ರೆಷರ್ ಕಮ್ಮಿ ಅಂತ ಗೊತ್ತಾದರೆ ಪರಿಹಾರ ಒಂದು ಸಣ್ಣ ಬೂಸ್ಟರ್ ಪಂಪ್. ಆರ್‌ಓ ತೊಟ್ಟಿಗೂ ಫ್ರಿಡ್ಜಿಗೂ ಮಧ್ಯೆ 24 ವೋಲ್ಟ್ ಪಂಪ್, ಅದರ ಮುಂದೆ ಪ್ರೆಷರ್ ಸ್ವಿಚ್. ಈ ಸ್ವಿಚ್ ಮರೆಯಲೇಬಾರದು. ಫ್ರಿಡ್ಜ್ ವಾಲ್ವ್ ಮುಚ್ಚಿದಾಗ ಟ್ಯೂಬಿನಲ್ಲಿ ಪ್ರೆಷರ್ ಏರುತ್ತದೆ, ಆಗ ಪಂಪ್ ನಿಲ್ಲಬೇಕು. ಇಲ್ಲದಿದ್ದರೆ ಪಂಪ್ ಓಡುತ್ತಲೇ ಇದ್ದು ಯಾವುದೋ ಒಂದು ಜಾಯಿಂಟ್ ರಾತ್ರಿ ಹೊತ್ತು ಬಿಟ್ಟುಕೊಂಡು ಅಡುಗೆಮನೆ ತುಂಬಾ ನೀರಾಗುತ್ತದೆ. ತೊಟ್ಟಿ ಖಾಲಿಯಾದಾಗ ಪಂಪ್ ನಿಲ್ಲಿಸುವ ಲೋ ಪ್ರೆಷರ್ ಸ್ವಿಚ್ ಅಥವಾ ಫ್ಲೋಟ್ ಇದ್ದರೆ ಇನ್ನೂ ಒಳ್ಳೆಯದು. ಆರ್‌ಓ ನೀರೇ ಬರುತ್ತಿದ್ದರೆ ಫ್ರಿಡ್ಜಿನ ಒಳಗಿನ ಫಿಲ್ಟರ್ ತೆಗೆದು ಬೈಪಾಸ್ ಹಾಕಿ, ಅಡ್ಡಿ ಒಂದು ಕಮ್ಮಿಯಾಗುತ್ತದೆ.

ಅಮೆರಿಕದಲ್ಲಿರುವವರಿಗೆ ಒಂದು ಮಾತು. ಅಲ್ಲಿ ಪ್ರೆಷರ್ ಸಾಮಾನ್ಯವಾಗಿ ತೊಂದರೆಯಲ್ಲ, ಆದರೆ ಹಳೆಯ ಮನೆಗಳಲ್ಲಿ ತಾಮ್ರದ ಪೈಪಿಗೆ ತೂತು ಕೊರೆದು ಕೂರಿಸುವ ಸ್ಯಾಡಲ್ ವಾಲ್ವ್ ಇರುತ್ತದೆ, ಅದರ ಸೂಜಿಯ ತೂತು ಕಾಲಕ್ರಮೇಣ ಕಟ್ಟಿಕೊಳ್ಳುತ್ತದೆ. ಬಕೆಟ್ ಪರೀಕ್ಷೆಯಲ್ಲಿ ಜಿನುಗಿದರೆ ಅದನ್ನು ತೆಗೆಸಿ ಕಾಲು ಸುತ್ತು ತಿರುಗಿಸಿದರೆ ತೆರೆಯುವ ಸರಿಯಾದ ವಾಲ್ವ್ ಹಾಕಿಸಿ. ಬಾಡಿಗೆ ಮನೆಯಾದರೆ ನೀವು ಮುಟ್ಟಬೇಡಿ, ಮೇಂಟೆನೆನ್ಸ್‌ನವರಿಗೆ ಹೇಳಿ.

ಗಡಸು ನೀರು, ವಾಲ್ವ್

ಬಕೆಟ್ಟಿಗೆ ನೀರು ಜೋರಾಗಿ ಬರುತ್ತಿದೆ, ಫ್ರಿಡ್ಜ್ ಹಿಂದೆ ಸದ್ದೂ ಬರುತ್ತಿದೆ, ಲೋಟಕ್ಕೆ ಮಾತ್ರ ಇಲ್ಲ. ಆಗ ವಾಲ್ವಿನ ಬಾಯಿ ನೋಡಿ. ಟ್ಯೂಬ್ ಸೇರುವ ಜಾಗದಲ್ಲಿ ಒಂದು ಸಣ್ಣ ಜಾಲರಿ ಇರುತ್ತದೆ. ಬೋರ್ ನೀರಿನ ಮನೆಗಳಲ್ಲಿ ಅದರ ಮೇಲೆ ಬಿಳಿ ಪೊರೆ ಕಟ್ಟಿರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ ಅಂತಿದೆ. ನಮ್ಮ ಎಷ್ಟೋ ಬೋರ್‌ಗಳು 200 ದಾಟಿಯೇ ಇರುತ್ತವೆ. 2024ರ ಅಕ್ಟೋಬರಿನಲ್ಲಿ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಶುರುವಾದ ಮೇಲೆ ಬೆಂಗಳೂರಿನ ಹೊರವಲಯದ 110 ಹಳ್ಳಿಗಳ ಭಾಗದ ಹಲವು ಮನೆಗಳಿಗೆ ಕಾವೇರಿ ಸಂಪರ್ಕ ಬಂದಿದೆ, ಆದರೂ ಒಂದೇ ಸಂಪ್‌ಗೆ ಬೋರ್ ನೀರೂ ಬೀಳುತ್ತಿದ್ದರೆ ಪೊರೆ ತಪ್ಪಿದ್ದಲ್ಲ. ಕರಾವಳಿಯ ಬಾವಿ ನೀರು ಮೆದು, ಅಲ್ಲಿ ಪೊರೆಯ ಬದಲು ಮಳೆಗಾಲದ ಕೆಸರು ಸಿಗುತ್ತದೆ.

ಜಾಲರಿಯನ್ನು ಹಳೆ ಟೂತ್‌ಬ್ರಷ್‌ನಿಂದ ಉಜ್ಜಿ. ಹೊರಗೆ ತೆಗೆಯಲು ಬಂದರೆ ವಿನೆಗರ್‌ನಲ್ಲೋ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿದ ನೀರಿನಲ್ಲೋ ಅರ್ಧ ಗಂಟೆ ನೆನೆಸಿ. ಬಾಗಿಲಿನ ನೀರು ಬೀಳುವ ಮೂತಿಗೂ ಇದೇ ಉಪಾಯ. ಬಾತ್‌ರೂಮಿನ ಆಸಿಡ್ ಹತ್ತಿರಕ್ಕೂ ತರಬೇಡಿ. ಇದು ಕುಡಿಯುವ ನೀರು ಹರಿಯುವ ಜಾಗ.

ವಾಲ್ವೇ ಹೋಗಿದೆಯಾ ಅಂತ ನೋಡಲು ಮಲ್ಟಿಮೀಟರ್ (ವಿದ್ಯುತ್ ಪರೀಕ್ಷೆಯ ಮೀಟರ್) ಬೇಕು. ಪ್ಲಗ್ ತೆಗೆದು, ಕಾಯಿಲಿನ ವೈರ್ ಬಿಚ್ಚಿ, ಓಮ್‌ನಲ್ಲಿ ಅಳೆಯಿರಿ. ಏನೂ ತೋರಿಸದೆ ಓಪನ್ ಅಂತ ಬಂದರೆ ಕಾಯಿಲ್ ಸತ್ತಿದೆ. ಯೂಟ್ಯೂಬ್‌ನ ಅಮೆರಿಕನ್ ವಿಡಿಯೋಗಳಲ್ಲಿ 200ರಿಂದ 500 ಓಮ್ ಇರಬೇಕು ಅನ್ನುತ್ತಾರೆ, ಅದು 120 ವೋಲ್ಟಿನ ಕಾಯಿಲ್‌ಗೆ. ನಮ್ಮ 230 ವೋಲ್ಟಿನದರಲ್ಲಿ ಅದಕ್ಕಿಂತ ತುಂಬಾ ಜಾಸ್ತಿ ಬರುತ್ತದೆ, ಅದನ್ನು ಕೆಟ್ಟಿದೆ ಅಂದುಕೊಳ್ಳಬೇಡಿ. ಕರೆಂಟ್ ಇರುವಾಗ ಅಲ್ಲಿ ಕೈ ಹಾಕುವ ಕೆಲಸ ಟೆಕ್ನಿಷಿಯನ್‌ಗೆ ಬಿಡಿ.

ಬಾಗಿಲೊಳಗೆ ಹೆಪ್ಪುಗಟ್ಟಿದ್ದರೆ

ಇದು ಡಿಸ್ಪೆನ್ಸರ್ (ಲೋಟ ಒತ್ತಿ ನೀರು ಹಿಡಿಯುವ ಜಾಗ) ಫ್ರೀಜರ್ ಬಾಗಿಲಲ್ಲಿರುವ ಸೈಡ್ ಬೈ ಸೈಡ್, ಅಂದರೆ ಎರಡು ಬಾಗಿಲು ಅಕ್ಕಪಕ್ಕ ಇರುವ, ಫ್ರಿಡ್ಜ್‌ಗಳ ಕಾಯಿಲೆ. ನಿನ್ನೆ ರಾತ್ರಿ ಚೆನ್ನಾಗಿ ಬಂದ ನೀರು ಇವತ್ತು ಬೆಳಿಗ್ಗೆ ಒಂದು ಹನಿಯೂ ಇಲ್ಲ, ಹಿಂದೆ ಸದ್ದು ಮಾತ್ರ ಬರುತ್ತಿದೆ ಅಂದರೆ ಬಾಗಿಲಿನ ಒಳಗಿನ ಸಣ್ಣ ಟ್ಯೂಬಿನಲ್ಲಿ ನೀರು ಗಟ್ಟಿಯಾಗಿರಬಹುದು. ಪ್ರೆಷರ್ ಕಮ್ಮಿ ಇರುವ ಮನೆಯಲ್ಲಿ ಇದೂ ಜಾಸ್ತಿ, ನಿಧಾನಕ್ಕೆ ಜಿನುಗುವ ನೀರು ಬೇಗ ಹೆಪ್ಪುಗಟ್ಟುತ್ತದೆ. ಊರಿಗೆ ಹೋಗಿ ಬಂದ ಮೇಲೂ ಆಗುತ್ತದೆ.

ಖಚಿತ ಮಾಡಿಕೊಳ್ಳಲು, ಫ್ರೀಜರ್ ಬಾಗಿಲ ಕೆಳಗಿನ ಕೀಲಿನ ಹತ್ತಿರ ಟ್ಯೂಬಿನ ಕನೆಕ್ಟರ್ ಇರುತ್ತದೆ, ಅದನ್ನು ಬಿಚ್ಚಿ. ಅಡಿಗೆ ಒಂದು ಅಗಲ ಪಾತ್ರೆ ಇಟ್ಟು, ಬಾಗಿಲು ಮುಚ್ಚಿ, ಒಬ್ಬರು ಡಿಸ್ಪೆನ್ಸರ್ ಒತ್ತಲಿ. ಪಾತ್ರೆಗೆ ನೀರು ಬಂದರೆ ಅಲ್ಲಿವರೆಗೆ ಎಲ್ಲ ಸರಿ, ಕಟ್ಟಿರುವುದು ಬಾಗಿಲೊಳಗೇ. ಬಾಗಿಲ ಕಡೆಯ ಟ್ಯೂಬಿಗೆ ಗಾಳಿ ಊದಿ ನೋಡಿದರೂ ಗೊತ್ತಾಗುತ್ತದೆ, ಗಾಳಿ ಹೋಗುವುದಿಲ್ಲ.

ಕರಗಿಸಲು ಸುರಕ್ಷಿತ ದಾರಿ ತಾಳ್ಮೆಯದು. ಸಾಮಾನು ಹೊರಗೆ ತೆಗೆದು, ಪ್ಲಗ್ ತೆಗೆದು, ಫ್ರೀಜರ್ ಬಾಗಿಲು ಕೆಲವು ಗಂಟೆ ತೆರೆದಿಡಿ. ಅವಸರ ಇದ್ದರೆ ಟ್ಯೂಬಿನೊಳಗೆ ಸಣ್ಣ ಪ್ಲಾಸ್ಟಿಕ್ ನಳಿಕೆ ತೂರಿಸಿ, ಸಿರಿಂಜಿನಿಂದ ಬೆಚ್ಚಗಿನ ನೀರು ಸ್ವಲ್ಪ ಸ್ವಲ್ಪವೇ ಬಿಡಿ. ಕುದಿಯುವ ನೀರು ಬೇಡ, ಕಂಬಿ ಚುಚ್ಚುವುದು ಬೇಡ. ಟ್ಯೂಬ್ ಬಾಗಿಲಿನ ಫೋಮ್ ಒಳಗೆ ಹುದುಗಿರುತ್ತದೆ, ತೂತಾದರೆ ಬಾಗಿಲೇ ಬದಲಾಯಿಸಬೇಕಾಗುತ್ತದೆ. ನೀರು ಬಂದ ಮೇಲೆ ಫ್ರೀಜರನ್ನು ಮೈನಸ್ 18 ಡಿಗ್ರಿಗೆ ಇಡಿ. ಮೈನಸ್ 22, 23ಕ್ಕೆ ಇಟ್ಟಿದ್ದರೆ ಮತ್ತೆ ಅದೇ ಪಾಡು. ಫ್ರಿಡ್ಜ್ ಭಾಗ 3ರಿಂದ 4 ಡಿಗ್ರಿ ಇರಲಿ, ಯಾಕೆಂದರೆ ತಣ್ಣೀರಿನ ಸುರುಳಿ ಟ್ಯಾಂಕ್ ಹೆಚ್ಚಾಗಿ ತರಕಾರಿ ಡ್ರಾಯರ್ ಹಿಂದೆ ಇರುತ್ತದೆ, ಅದೂ ಹೆಪ್ಪುಗಟ್ಟಬಹುದು. ಬಾಗಿಲಿನ ರಬ್ಬರ್ ಸಡಿಲವಾಗಿ ಬಿಟ್ಟುಕೊಂಡಿದೆಯಾ ಅಂತಲೂ ನೋಡಿ. ಇಷ್ಟೆಲ್ಲಾ ಮಾಡಿದರೂ ವಾರಕ್ಕೊಮ್ಮೆ ಹೆಪ್ಪುಗಟ್ಟುತ್ತಿದ್ದರೆ ಆ ಜಾಗದ ಸಣ್ಣ ಹೀಟರ್ ಕೆಟ್ಟಿರಬಹುದು, ಆಗ ಟೆಕ್ನಿಷಿಯನ್ ಬೇಕು.

ಟ್ಯಾಂಕ್ ಮಾಡೆಲ್

ಟ್ಯಾಂಕ್ ತೆಗೆದು ಮತ್ತೆ ಗಟ್ಟಿಯಾಗಿ ಕೂರಿಸಿ. ತೊಳೆದ ಮೇಲೆ ನೀರು ನಿಂತಿದ್ದರೆ ಹೆಚ್ಚಾಗಿ ಇಷ್ಟೇ. ಅಡಿಯ ರಬ್ಬರ್ ವಾಷರ್ ಜಾಗದಲ್ಲಿದೆಯಾ, ಮಡಚಿಕೊಂಡಿದೆಯಾ ನೋಡಿ. ಕೆಲವದರಲ್ಲಿ ನೀರು ತನ್ನ ಭಾರಕ್ಕೇ ಇಳಿಯುತ್ತದೆ, ಅಂಥದ್ದರಲ್ಲಿ ಮುಚ್ಚಳದ ಗಾಳಿ ತೂತು ಮುಚ್ಚಿದ್ದರೆ ನೀರು ಇಳಿಯದು, ಮುಚ್ಚಳ ಸಡಿಲಿಸಿದಾಗ ಬಂತೆಂದರೆ ಕಾರಣ ಸಿಕ್ಕಿತು. ಒತ್ತುಗುಂಡಿಯ ರಬ್ಬರಿಗೆ ಪೊರೆ ಕಟ್ಟಿದ್ದರೆ ವಿನೆಗರ್ ಹಚ್ಚಿ ತೊಳೆಯಿರಿ. ಪಂಪ್ ಇರುವ ದೊಡ್ಡ ಮಾಡೆಲ್ ಆದರೆ ಒತ್ತಿದಾಗ ಪಂಪಿನ ಸದ್ದು ಕೇಳಬೇಕು. ಸದ್ದಿದ್ದು ನೀರಿಲ್ಲ ಅಂದರೆ ಗಾಳಿ ಹಿಡಿದಿದೆ, ಟ್ಯಾಂಕ್ ತುಂಬಿಸಿ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿ.

ಎಲ್ಲ ಮುಗಿದು ನೀರು ಬಂದ ಮೇಲೆ

ಮೊದಲು ಗೊಳಗೊಳ ಅಂತ ಗಾಳಿ ಸಮೇತ ಬರುತ್ತದೆ, ಗಾಬರಿಯಾಗಬೇಡಿ. ಐದು ಸೆಕೆಂಡ್ ಒತ್ತಿ, ಐದು ಸೆಕೆಂಡ್ ಬಿಟ್ಟು ಹೀಗೇ ಹಿಡಿಯುತ್ತಾ ಹೋಗಿ. ಹೊಸ ಫಿಲ್ಟರ್ ಹಾಕಿದ್ದರೆ ಹತ್ತು ಹನ್ನೆರಡು ಲೀಟರ್ ಹೊರಗೆ ಬಿಡಬೇಕು. ಕಪ್ಪು ಕಾರ್ಬನ್ ಪುಡಿ ಬರುವುದು ಅದರಿಂದಲೇ. ಆ ನೀರನ್ನು ಗಿಡಕ್ಕೆ ಹಾಕಿ. ಟ್ಯೂಬ್ ಕತ್ತರಿಸಿದ್ದರೆ ತುದಿ ನೇರವಾಗಿ, ಬ್ಲೇಡಿನಿಂದ ಕತ್ತರಿಸಿದ್ದಾಗಿರಬೇಕು, ಓರೆಯಾದರೆ ಸೋರುತ್ತದೆ. ಫ್ರಿಡ್ಜನ್ನು ಹಿಂದಕ್ಕೆ ತಳ್ಳುವ ಮುಂಚೆ ಜಾಯಿಂಟ್ ಅಡಿಗೆ ಒಣ ಟಿಶ್ಯೂ ಇಟ್ಟು ಒಂದು ಗಂಟೆ ಬಿಟ್ಟು ನೋಡಿ. ಒದ್ದೆಯಾಗಿಲ್ಲದಿದ್ದರೆ ತಳ್ಳಿ, ಗೋಡೆಯಿಂದ ಐದು ಸೆಂಟಿಮೀಟರ್ ಜಾಗ ಇರಲಿ.

ಟೆಕ್ನಿಷಿಯನ್ ಕರೆಯಲೇಬೇಕಾದರೆ ಸುಮ್ನೆ ನೀರು ಬರ್ತಿಲ್ಲ ಅನ್ನಬೇಡಿ. ಬಕೆಟ್ಟಿಗೆ ನೀರು ಹೇಗೆ ಬರುತ್ತಿದೆ, ವಾಲ್ವ್ ಸದ್ದು ಮಾಡುತ್ತಿದೆಯಾ, ಐಸ್ ಬೀಳುತ್ತಿದೆಯಾ, ಫಿಲ್ಟರ್ ತೆಗೆದಾಗ ಏನಾಯಿತು ಅಂತ ಫೋನಿನಲ್ಲೇ ಹೇಳಿ. ಸರಿಯಾದ ಪಾರ್ಟ್ ಕೈಯಲ್ಲಿ ಹಿಡಿದೇ ಬರುತ್ತಾರೆ, ವಿಸಿಟ್ ಚಾರ್ಜ್ ಎರಡು ಸಲ ಕೊಡಬೇಕಿಲ್ಲ. ವಾರಂಟಿ ಕಾಗದವನ್ನೂ ಓದಿಟ್ಟುಕೊಳ್ಳಿ. ಹತ್ತು ವರ್ಷ ಅಂತ ದೊಡ್ಡದಾಗಿ ಬರೆದಿರುವುದು ಸಾಮಾನ್ಯವಾಗಿ ಕಂಪ್ರೆಸರ್‌ಗೆ ಮಾತ್ರ, ನೀರಿನ ವಾಲ್ವ್‌ಗೆ ಅಲ್ಲ.